ಒಂದು ಕೆಂಪು ಕ್ಲಿಪ್ಪಿನ ಮರ್ಯಾದೆ

ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಕಂಡರೆ ನಾನು ಅಲ್ಲಿಂದ ಜಾರಿಕೊಳ್ಳುತ್ತೇನೆ. ಹೆಂಡತಿ ಇದನ್ನು ಸೋಮಾರಿತನ ಎಂದು ತಿಳಿದಿದ್ದಾಳೆ. ಬಟ್ಟೆ ಹರವುವ ಕೆಲಸದಿಂದ ತಪ್ಪಿಸಿಕೊಳ್ಳಲು ಗಂಡ ಹೂಡಿದ ಉಪಾಯವಂತೆ. ಹಾಗೆಯೇ ತಿಳಿದಿರಲಿ. ನನಗೆ ನಿಜವಾಗಿ ಸಲ್ಲಬೇಕಾದ ಹೆಸರಿಗಿಂತ ಸೋಮಾರಿ ಎಂಬುದು ಎಷ್ಟೋ ಮೇಲು.

ಪುತ್ತೂರು ಪೇಟೆಯ ದರ್ಬೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಅದು ಹೊಟ್ಟೆಪಾಡಿಗೆ. ಹುಚ್ಚಿಗೆ ವಿಮಾನ. ಜನ ಹತ್ತುವ ವಿಮಾನವಲ್ಲ. ನೆಲದಲ್ಲಿ ನಿಂತು ರೇಡಿಯೋ ಅಲೆಯಿಂದ ಹಾರಿಸುವ, ಮೂರು ಮೊಳ ರೆಕ್ಕೆಯ ಮಾದರಿ ವಿಮಾನ. ನಾನು ಬಲ್ಲಂತೆ ಪುತ್ತೂರು, ಸುಳ್ಯ ಸೇರಿಸಿದರೂ ಈ ಹುಚ್ಚಿನವರು ಇಬ್ಬರೇ. ಇನ್ನೊಬ್ಬರು ಕಾಣಿಯೂರಿನ ಕಡೆ ಶಾಲೆಯಲ್ಲಿ ಕ್ರಾಫ್ಟ್ ಕಲಿಸುತ್ತಿದ್ದ ಚೆನ್ನಪ್ಪ ಮಾಸ್ಟ್ರು. ಅವರು ಹಾಲೆಮರವನ್ನು ಹಪ್ಪಳದಷ್ಟು ತೆಳ್ಳಗೆ ಸೀಳಿ, ಗಾಳಿಪಟದ ಕಾಗದ ಹೊದೆಸಿ, ಎರಡು ವರ್ಷ ಕೂತು ಒಂದು ವಿಮಾನ ಮಾಡಿದ್ದರು. ಮಕ್ಕಳು ಮೂಗು ಹಿಡಿದು ಕುಡಿಯುವ ಹರಳೆಣ್ಣೆಯನ್ನು ಅದರ ಎಂಜಿನ್ನು ಖುಷಿಯಿಂದ ಕುಡಿಯುತ್ತಿತ್ತು. ರೇಡಿಯೋ ಸೆಟ್ಟನ್ನೂ ಅವರೇ ಜೋಡಿಸಿದ್ದರು. ತಂತಿ ಬೆಸೆಯುವ ಸಾಲ್ಡರ್ ಕೆಲಸ ಹೇಳಿಕೊಟ್ಟವನು ನಾನು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮಿಬ್ಬರ ಸೆಟ್ಟೂ ಒಂದೇ ಅಲೆಯವು, ಸೆಕೆಂಡಿಗೆ ಎರಡು ಕೋಟಿ ಎಪ್ಪತ್ತು ಲಕ್ಷ ಸಲ ಕುಣಿಯುವಂಥವು. ಇಷ್ಟು ಕುಣಿದರೂ ಅಲೆಗೆ ಯಜಮಾನನ ಗುರುತು ಹತ್ತುವುದಿಲ್ಲ. ಒಬ್ಬರ ವಿಮಾನ ಮೇಲಿರುವಾಗ ಇನ್ನೊಬ್ಬರು ಸ್ವಿಚ್ಚು ಒತ್ತಿದರೆ ಅದು ಯಾರ ಮಾತು ಕೇಳಬೇಕೆಂದು ತಿಳಿಯದೆ ನೆಲಕ್ಕೆ ಬೀಳುತ್ತದೆ. ಅದಕ್ಕೆ ಮಾಸ್ಟ್ರು ಒಂದು ಕ್ಲಿಪ್ಪಿಗೆ ಕೆಂಪು ಬಣ್ಣ ಬಳಿದು ಕಟ್ಟಳೆ ಮಾಡಿದರು. ಕ್ಲಿಪ್ಪು ಯಾರ ಅಂಗಿಯಲ್ಲಿದೆಯೋ ಸ್ವಿಚ್ಚು ಒತ್ತುವ ಹಕ್ಕು ಅವರಿಗೆ ಮಾತ್ರ. ಕೊಯ್ಲು ಮುಗಿದ ಗದ್ದೆಯಲ್ಲಿ ಪ್ರತಿ ಭಾನುವಾರ ಆ ಕ್ಲಿಪ್ಪನ್ನು ನಾವು ಪ್ರಸಾದದಂತೆ ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು.

ಎಂಬತ್ತರ ದಶಕ ಶುರುವಾಗಿತ್ತು. ಬಹರೈನಿನಲ್ಲಿದ್ದ ನನ್ನ ಭಾವ ರಜೆಗೆ ಬರುವಾಗ ಒಂದು ಹೊಸ ಸೆಟ್ಟು ತಂದ. ಎಫ್ಎಂ! ಹಳೆಯದು ಅಲೆಯ ಜೋರನ್ನು ಏರಿಸಿ ಇಳಿಸಿ ಹೇಳುತ್ತಿದ್ದ ಮಾತನ್ನು ಇದು ಅಲೆಯ ಕುಣಿತದ ವೇಗವನ್ನೇ ತುಸು ಹೆಚ್ಚುಕಡಿಮೆ ಮಾಡಿ ಹೇಳುತ್ತದೆ. ಜೊತೆಯ ಪುಸ್ತಕದಲ್ಲಿ, ಬೇರೆಯವರ ಸೆಟ್ಟಿನಿಂದ ನಿಮಗೆ ಇನ್ನು ತೊಂದರೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಓದಿ ಹಿಗ್ಗಿಹೋದೆ. ಹಳೆಯ ಅಲೆಯನ್ನೇ ಇದೂ ಬಳಸುತ್ತದೆಂದು ಗೊತ್ತಿತ್ತು. ಆದರೂ ನನ್ನ ಸೆಟ್ಟಿನಿಂದ ಬೇರೆಯವರಿಗೆ ತೊಂದರೆ ಉಂಟೋ ಎಂಬ ಪ್ರಶ್ನೆ, ಹದಿನೈದು ವರ್ಷ ರೇಡಿಯೋ ಬಿಚ್ಚಿದ ಈ ತಲೆಗೆ ಹೊಳೆಯಲಿಲ್ಲ.

ಅಷ್ಟು ದಿನ ನೆಲದಲ್ಲೇ ಓಡಿಸಿ ನೋಡಿದ್ದ ಮಾಸ್ಟ್ರ ವಿಮಾನ ಆ ವಾರದ ಭಾನುವಾರ ಮೊದಲ ಸಲ ಹಾರಿತು. ಎರಡು ಸುತ್ತು ಬಂತು. ಮಾಸ್ಟ್ರು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಕ್ಲಿಪ್ಪು ಅವರ ಕಿಸೆಯಲ್ಲಿತ್ತು. ಗದ್ದೆಯ ಇನ್ನೊಂದು ತುದಿಯಲ್ಲಿ, ಗೇರುಮರದ ಹಿಂದೆ ನಾನೂ ಭಾವನೂ ಹೊಸ ಸೆಟ್ಟಿನ ಪೆಟ್ಟಿಗೆ ಬಿಚ್ಚಿ ನನ್ನ ವಿಮಾನಕ್ಕೆ ಜೋಡಿಸಿಕೊಂಡು ಕೂತಿದ್ದೆವು.

"ಒಂದು ಸಲ ಆನ್ ಮಾಡಿ ತೋರಿಸು" ಎಂದ ಭಾವ.

"ಕ್ಲಿಪ್ಪು ಮಾಸ್ಟ್ರ ಹತ್ರ ಉಂಟು."

"ಇಷ್ಟು ಹೊಸದಕ್ಕೂ ಬಟ್ಟೆ ಕ್ಲಿಪ್ಪು ಬೇಕಾ ಮಾರಾಯ?"

ನಗು ಬಂತು, ಒತ್ತಿದೆ. ನನ್ನ ವಿಮಾನದ ಬಾಲ ಚೆಂದಕ್ಕೆ ಎಡಕ್ಕೂ ಬಲಕ್ಕೂ ಆಡಿತು. ಅಷ್ಟರಲ್ಲಿ ಮೇಲಿನ ಸದ್ದು ಬದಲಾಯಿತು. ತಲೆಯೆತ್ತಿದರೆ ಮಾಸ್ಟ್ರ ವಿಮಾನ ಮೂಗು ಕೆಳಗೆ ಮಾಡಿ ಗದ್ದೆಯ ಅಂಚಿಗೆ ಬರುತ್ತಿತ್ತು. ನಾನು ಸ್ವಿಚ್ಚು ಆರಿಸುವ ಮೊದಲೇ ಎರಡು ವರ್ಷದ ಕೆಲಸ ಸೌದೆಯಾಯಿತು.

ಓಡಿಹೋಗಿ, ತಪ್ಪು ನನ್ನದು ಎನ್ನಬಹುದಿತ್ತು. ಓಡಿದ್ದೇನೋ ಹೌದು. "ಅಯ್ಯೋ, ಎಂತ ಆಯ್ತು ಮಾಸ್ಟ್ರೆ?" ಎಂದು ಕೇಳಿದೆ. ಮರದ ಹತ್ತಿರ ಮರಳಿದಾಗ ಭಾವ ಒಮ್ಮೆ ನನ್ನ ಮುಖ ನೋಡಿ ಪೆಟ್ಟಿಗೆ ಮುಚ್ಚತೊಡಗಿದ.

ಮರುದಿನ ಮಾಸ್ಟ್ರು ವಿಮಾನದೊಳಗಿದ್ದ ಒಡೆದ ಸೆಟ್ಟನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಅಂಗಡಿಗೆ ತಂದರು. "ಎಲ್ಲಿ ತಪ್ಪಿದ್ದು ಅಂತ ನೋಡು ಮಾರಾಯ. ನೀನು ಹೇಳಿದ್ರೆ ನನಗೆ ಸಮಾಧಾನ" ಎಂದರು. ಬಿಚ್ಚಿ ನೋಡಿದೆ. ಬೀಳುವಾಗ ಒಡೆದದ್ದು ಬಿಟ್ಟರೆ ಒಂದೂ ದೋಷವಿರಲಿಲ್ಲ. ನನ್ನ ಕೆಲಸಕ್ಕಿಂತ ಅಚ್ಚುಕಟ್ಟಾಗಿತ್ತು. ಅದೂ ಒಂದಿಷ್ಟು ಚುಚ್ಚಿತೋ ಏನೋ.

"ಇಲ್ಲೊಂದು ಸಾಲ್ಡರ್ ಸಡಿಲ ಉಂಟು ಮಾಸ್ಟ್ರೆ" ಎಂದೆ.

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಹಾಗಾದ್ರೆ ನನ್ನ ಕೈಯದ್ದೇ ತಪ್ಪು. ಈ ಕೈಯಲ್ಲಿ ಇದೆಲ್ಲ ಆಗ್ಲಿಕ್ಕಿಲ್ಲ" ಎಂದರು. ಕಿಸೆಯಿಂದ ಕೆಂಪು ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟರು. "ಇದು ಇನ್ನು ನಿನಗೇ ಇರಲಿ."

ಆಮೇಲೆ ಅವರು ವಿಮಾನ ಮುಟ್ಟಲಿಲ್ಲ. ನನ್ನ ಮೇಲಿನ ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ, ಹಾಳಾದ್ದು. ಒಮ್ಮೆ ಅವರ ಶಾಲೆಯ ಧ್ವನಿವರ್ಧಕ ರಿಪೇರಿಗೆ ಹೋಗಿದ್ದೆ. ಕ್ರಾಫ್ಟ್ ಕೋಣೆಯಿಂದ ಅವರ ಸ್ವರ ಕೇಳಿತು. "ಅವಸರ ಮಾಡಿದ್ರೆ ಎಂತ ಆಗ್ತದೆ ಅಂತ ನನ್ನನ್ನು ನೋಡಿ ಕಲೀರಿ ಮಕ್ಕಳೇ. ಒಂದು ಸಾಲ್ಡರ್ ಸಡಿಲ ಬಿಟ್ಟೆ, ಎರಡು ವರ್ಷದ ಕೆಲಸ ಹೋಯ್ತು." ನನ್ನ ಸುಳ್ಳು ಅಷ್ಟು ಹೊತ್ತಿಗೆ ಪಾಠವಾಗಿತ್ತು. ನಾನು ಕಿಟಕಿಯ ಹೊರಗೆ ವೈರು ಸುತ್ತುತ್ತ ನಿಂತೆ. ಒಳಗೆ ಹೋಗಲು ಎರಡು ಹೆಜ್ಜೆ ಸಾಕಿತ್ತು.

ಈಗಲೂ ಕೆಲವು ಭಾನುವಾರ ಅದೇ ಗದ್ದೆಗೆ ಹೋಗುತ್ತೇನೆ. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡೇ ಸ್ವಿಚ್ಚು ಒತ್ತುತ್ತೇನೆ, ಕೇಳುವವರು ಯಾರೂ ಇಲ್ಲದಿದ್ದರೂ. ವಿಮಾನ ಹೇಳಿದಂತೆ ಕೇಳುತ್ತದೆ, ಒಮ್ಮೆಯೂ ತಪ್ಪುವುದಿಲ್ಲ. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು ನಿಜವೇ. ಬೇರೆಯವರ ಸೆಟ್ಟಿನಿಂದ ನನಗೆ ಇನ್ನು ಯಾವ ತೊಂದರೆಯೂ ಇಲ್ಲ.