ಡಾಕ್ಟರು ಹೇಳಿದ ‘ಸಾರಿ’

ಅಪ್ಪ ಚೆನ್ನೈಯ ಪ್ಯಾರೀಸ್ ಕಾರ್ನರಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದರು. ನಾನು ಕಾಲೇಜಿನಲ್ಲಿದ್ದಾಗ ಒಂದು ಮಧ್ಯಾಹ್ನ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಅಮ್ಮ ಆಸ್ಪತ್ರೆ ತಲುಪಿದಾಗ ಡಾಕ್ಟರು ಹೊರಗೆ ಬಂದು, “ಸಾರಿ ಅಮ್ಮಾ” ಎಂದರಂತೆ.

ಅಮ್ಮನಿಗೆ ಗೊತ್ತಿದ್ದ ಕೆಲವೇ ಇಂಗ್ಲಿಷ್ ಪದಗಳಲ್ಲಿ ಅದೂ ಒಂದು. ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಮಾತು, ಸಾಂಬಾರು ಚೆಲ್ಲಿದ ಸಪ್ಲೈಯರ್ ಹೇಳುವ ಮಾತು. ಹಾಗಾಗಿ ಡಾಕ್ಟರ ಕೈಯಲ್ಲೇ ಏನೋ ತಪ್ಪಾಗಿದೆ ಎಂದು ಅವಳು ಅಂದೇ ತೀರ್ಮಾನಿಸಿಬಿಟ್ಟಳು. ದಾರಿಯಲ್ಲೇ ಅಪ್ಪನ ಉಸಿರು ನಿಂತಿತ್ತು ಎಂದು ಹೋಟೆಲಿನವರು ಎಷ್ಟು ಹೇಳಿದರೂ ನಂಬಲಿಲ್ಲ.

“ತಪ್ಪು ಮಾಡದಿದ್ರೆ ಸಾರಿ ಎಂತಕ್ಕೆ ಹೇಳ್ಬೇಕು? ಅವರೇ ಬಾಯಿಬಿಟ್ಟು ಹೇಳಿದ್ದಾರಲ್ಲ?”

ಆ ಆಸ್ಪತ್ರೆಯ ಮುಂದೆ ಬಸ್ಸು ಹಾದುಹೋದರೆ ಮುಖ ತಿರುಗಿಸುತ್ತಿದ್ದಳು. ಜ್ವರ ಬಂದರೆ ಕಷಾಯ ಕುಡಿದು ಮಲಗುತ್ತಿದ್ದಳೇ ಹೊರತು ಡಾಕ್ಟರ ಹೆಸರೆತ್ತಲು ಬಿಡುತ್ತಿರಲಿಲ್ಲ.

ಹೋದ ವರ್ಷ, ಪೆರಂಬೂರಿನ ನಮ್ಮ ಎದುರು ಫ್ಲ್ಯಾಟಿನ ತಮಿಳು ಅಜ್ಜಿ ತೀರಿಕೊಂಡರು. ಅಮ್ಮ, ನಾನು, ನನ್ನ ಮಗಳು ಮೂವರೂ ಹೋದೆವು. ಏನು ಮಾತಾಡುವುದೆಂದು ತಿಳಿಯದೆ ನಾವು ನಿಂತಿದ್ದಾಗ ಮಗಳು ಆ ಅಜ್ಜಿಯ ಗಂಡನ ಕೈ ಹಿಡಿದು, “ಸಾರಿ ತಾತಾ” ಎಂದಳು. ಅವರು ಅವಳ ತಲೆ ನೇವರಿಸಿದರು.

ಮನೆಗೆ ಬಂದ ಕೂಡಲೇ ಅಮ್ಮ ಗದರಿದಳು. “ನೀನೆಂತ ಮಾಡಿದ್ದೀ ಅಂತ ಸಾರಿ ಹೇಳಿದ್ದು?”

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. “ನಾನ್ ಒಣ್ಣುಮೇ ಪಣ್ಣಲ ಅಜ್ಜಿ. ತಾತಾ ಪಾವಂ. ಎನಕ್ಕೂ ಕಷ್ಟಮಾ ಇರುಂದುಚ್ಚು.” ತಾನೇನೂ ಮಾಡಿಲ್ಲ, ತಾತನನ್ನು ಕಂಡು ತನಗೂ ಸಂಕಟವಾಯಿತು, ಅಷ್ಟೇ ಎಂದಳು.

ಅಮ್ಮ ನನ್ನ ಮುಖ ನೋಡಿದಳು. ನಾನು ಫೋನಿನಲ್ಲಿ ನಿಘಂಟು ತೆರೆದೆ. ‘ಸಾರಿ’ ಹುಟ್ಟಿದ್ದು ‘ಸೋರ್’ ಎಂಬ ಪದದಿಂದ. ‘ಸೋರ್’ ಅಂದರೆ ಹುಣ್ಣು, ನೋವು. ಮೊದಮೊದಲು ‘ನೊಂದಿದ್ದೇನೆ’ ಎಂಬುದೇ ಅದರ ಅರ್ಥವಾಗಿತ್ತು. ಕ್ಷಮೆ ಕೇಳಲು ಬಳಸಿದ್ದು ಎಷ್ಟೋ ಕಾಲದ ಮೇಲೆ. ಅದನ್ನೇ ಕನ್ನಡದಲ್ಲಿ ಹೇಳಿದೆ.

“ಹಾಗಾದ್ರೆ ಆ ಡಾಕ್ಟ್ರಿಗೂ ನೋವಾಗಿತ್ತಾ?”

“ಆಗಿರ್ಬೇಕು ಅಮ್ಮ.”

ಅವಳು ಸೆರಗಿನ ಅಂಚು ತಿರುವುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳತೊಡಗಿದಳು. “ಸಣ್ಣ ಪ್ರಾಯದವರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ರು. ಕುಡೀಲಿಕ್ಕೆ ಆಗ್ಲಿಲ್ಲ, ಲೋಟ ಅವರೇ ಹಿಡ್ಕೊಂಡ್ರು. ತಿರುವೊಟ್ಟಿಯೂರಿಂದ ನಿನ್ನ ಮಾವ ಬರುವವರೆಗೂ ಪಕ್ಕದಲ್ಲೇ ನಿಂತಿದ್ರು.”

ಇಷ್ಟು ವರ್ಷ ಅಮ್ಮ ಆ ದಿನದ ಕಥೆಯನ್ನು ಎಷ್ಟು ಬಾರಿ ಹೇಳಿದ್ದರೂ ಅದು ಡಾಕ್ಟರ ಆ ಒಂದು ಮಾತಿಗೇ ನಿಂತುಹೋಗುತ್ತಿತ್ತು. ಮುಂದಿನದನ್ನು ನಾನು ಕೇಳಿದ್ದು ಅಂದೇ ಮೊದಲು.