ಕಹಳೆ ಮಾಮನ ಎಡಗಿವಿ

ಕಹಳೆ ಮಾಮನ ಅಂಗಡಿ ಎಂದರೆ ಮೂವರು ನಿಂತರೆ ತುಂಬಿಹೋಗುವ ಕೋಣೆ. ಗೋಡೆ ತುಂಬ ಮೊಳೆ, ಮೊಳೆಗೊಂದು ಟ್ರಂಪೆಟ್. ಸೊಟ್ಟಗಾದ ಕೊಳವೆ ನೆಟ್ಟಗೆ ಮಾಡುವುದು, ಬಿರುಕಿಗೆ ಬೆಸುಗೆ ಹಾಕುವುದು, ಮೂವತ್ತು ವರ್ಷದಿಂದ ಇದೇ ಕೆಲಸ. ಅವನಿಗೊಂದು ಹಟವಿತ್ತು. ರಿಪೇರಿಯಾದ ವಾದ್ಯವನ್ನು ತಾನೇ ಊದಬೇಕು, ಸ್ವರ ಕೂದಲೆಳೆಯಷ್ಟೂ ಆಚೀಚೆ ಇಲ್ಲವೆಂದು ತನ್ನ ಎಡಗಿವಿ ಒಪ್ಪಬೇಕು, ಆಮೇಲೇ ಗಿರಾಕಿಯ ಕೈಗೆ. ಬಲಗಿವಿ ಇರುವುದು ಮಾತು ಕೇಳುವುದಕ್ಕೆ, ಎಡಗಿವಿ ಸ್ವರ ಕೇಳುವುದಕ್ಕೆ ಎನ್ನುತ್ತಿದ್ದ. ಊದುವ ಮೊದಲು ಬಾಯಿಗಿಡುವ ಮೌತ್‌ಪೀಸನ್ನು ಅಂಗಿಯ ತೋಳಿಗೆ ಒಮ್ಮೆ ಒರೆಸಿದರೆ ಮುಗಿಯಿತು, ಅವನ ಶುಚಿ ಅಷ್ಟೇ.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ತಂಗಿ ಬಂದಾಗಲೆಲ್ಲ ಗೊಣಗುತ್ತಿದ್ದಳು, ಊರವರ ಎಂಜಲೆಲ್ಲ ನಿನ್ನ ಬಾಯಲ್ಲೇ ಎಂದು. ಸೋಪು ನೀರಿನಲ್ಲಿ ತೊಳೆ ಎಂದರೆ ಜಪ್ಪಯ್ಯ ಅಂದರೂ ಕೇಳಲಿಲ್ಲ. ನಿನಗೆ ಚಿಕ್ಕಂದಿನಲ್ಲಿ ಮಂಗನಬಾವು ಬಂದಿಲ್ಲ, ಈಗಲಾದರೂ ಲಸಿಕೆ ಹಾಕಿಸಿಕೋ ಎಂದರೆ, ಈ ವಯಸ್ಸಿನಲ್ಲಿ ಮಕ್ಕಳ ಕಾಯಿಲೆಯೇ ಎಂದು ನಕ್ಕುಬಿಟ್ಟ. ಇಂಥವರ ಮೇಲೆ ಸಿಟ್ಟು ಬರಬೇಕು, ಆದರೆ ನಮಗೆ ಬರುವುದು ನಗು.

ಒಂದು ದಿನ ಬ್ಯಾಂಡಿನವನೊಬ್ಬ ದಪ್ಪಗಾದ ಕೆನ್ನೆ ಹೊತ್ತುಕೊಂಡು ಬಂದು ಟ್ರಂಪೆಟ್ ಕೊಟ್ಟ. ದಿನವಿಡೀ ಊದಿ ಹೀಗಾಗಿರಬೇಕು ಎಂದುಕೊಂಡ ಮಾಮ, ಅದನ್ನೂ ತೋಳಿಗೆ ಒರೆಸಿ ಊದಿದ.

ಎರಡೂವರೆ ವಾರ ಏನೂ ಇಲ್ಲ. ಆಮೇಲೊಂದು ಸಂಜೆ ಮೈ ಬಿಸಿಯಾಯಿತು, ಬೆಳಗಾಗುವಷ್ಟರಲ್ಲಿ ಎಡಗಿವಿಯ ಕೆಳಗಿಂದ ಗದ್ದದವರೆಗೆ ಬಾವು. ನಿಂಬೆಹಣ್ಣಿನ ಪಾನಕ ಕುಡಿದರೆ ದವಡೆ ಹಿಂಡಿದ ಹಾಗಾಯಿತು. ಹಲ್ಲಿನ ಬಾವೆಂದು ತಾನೇ ತೀರ್ಪು ಕೊಟ್ಟುಕೊಂಡು, ಟವೆಲ್ ಕಟ್ಟಿಕೊಂಡು ಕೆಲಸಕ್ಕೆ ಕೂತ. ಶಾಲೆಯ ಬ್ಯಾಂಡಿನ ಏಳು ಟ್ರಂಪೆಟ್ ಅವತ್ತೇ ಹೋಗಬೇಕಿತ್ತು. ನೋವು ನುಂಗಿಕೊಂಡು ಏಳನ್ನೂ ಊದಿ ಕಳಿಸಿದ.

ಮಧ್ಯಾಹ್ನ ಬಂದ ತಂಗಿ ಟವೆಲ್ ಬಿಚ್ಚಿಸಿ ನೋಡಿದವಳೇ ಮಂಗನಬಾವು ಎಂದಳು. ಎಂಜಲಿನಿಂದ, ಕೆಮ್ಮು ಸೀನಿನಿಂದ ಹರಡುತ್ತದೆ, ಬಾವು ಕಾಣುವ ಎರಡು ದಿನ ಮೊದಲಿಂದ ಕಂಡ ಮೇಲೆ ಐದು ದಿನದವರೆಗೆ ಅಂಟುತ್ತದೆ, ಅಂಗಡಿ ಮುಚ್ಚಿ ಮನೆಯಲ್ಲಿ ಒಬ್ಬನೇ ಇರು ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಖಾಲಿ ಮೊಳೆಗಳ ಮೇಲೆ ನಿಂತಿತು.

"ಅಣ್ಣ, ಇಲ್ಲಿದ್ದವನ್ನೆಲ್ಲ ಊದಿದ್ಯಾ?"

ಮಾಮ ಫೋನು ಕೈಗೆತ್ತಿಕೊಂಡ. ಅವನ ಕೈ ದಾಟಿದ ವಾದ್ಯ ಸರಿಯಿಲ್ಲವೆಂದು ಒಮ್ಮೆಯೂ ವಾಪಸು ಬಂದದ್ದಿಲ್ಲ. ಈಗ ತಪ್ಪಾಯಿತು ಎನ್ನಬೇಕು, ಅದೂ ಮಕ್ಕಳ ವಿಷಯದಲ್ಲಿ. ನಾನೇ ಹೇಳುತ್ತೇನೆ ಎಂದು ತಂಗಿ ಫೋನಿಗೆ ಕೈ ಚಾಚಿದರೂ ಅವನು ಕೊಡಲಿಲ್ಲ. ಅತ್ತ ಶಾಲೆಯ ಬ್ಯಾಂಡ್ ಮೇಷ್ಟ್ರು ಫೋನ್ ಎತ್ತಿದಾಗ ಮಕ್ಕಳು ಆಗಷ್ಟೇ ಪೆಟ್ಟಿಗೆ ಬಿಚ್ಚುತ್ತಿದ್ದರಂತೆ.

"ಯಾರೂ ಬಾಯಿಗಿಡಬೇಡಿ ಮೇಷ್ಟ್ರೇ. ನಂಗೆ ಮಂಗನಬಾವು. ಗೊತ್ತಿಲ್ದೆ ಏಳನ್ನೂ ಊದಿಬಿಟ್ಟಿದೀನಿ. ಸೋಪು ನೀರಲ್ಲಿ ಚೆನ್ನಾಗಿ ತೊಳೆಸಿ. ತಪ್ಪು ನಂದೇ."

ಮಕ್ಕಳಲ್ಲಿ ಯಾರಿಗೂ ಏನೂ ಆಗಲಿಲ್ಲ. ತಂಗಿ ಶಾಲೆಗೆ ಹೋಗಿ ಎಲ್ಲರ ಲಸಿಕೆಯ ಕಾರ್ಡು ನೋಡಿ, ಎರಡನೆಯ ಡೋಸ್ ಬಾಕಿಯಿದ್ದ ಇಬ್ಬರಿಗೆ ಕೊಡಿಸಿದಳು. ಮಾಮನ ಬಾವು ವಾರದಲ್ಲಿ ಇಳಿಯಿತು. ಎಡಗಿವಿ ಮಾತ್ರ ಆ ಜ್ವರದಲ್ಲೇ ಕೇಳಿಸದಾಗಿ, ಮುಚ್ಚಿದ್ದು ಮುಚ್ಚಿಯೇ ಹೋಯಿತು. ಈ ಕಾಯಿಲೆ ಅಪರೂಪಕ್ಕೆ ಹೀಗೂ ಮಾಡುತ್ತದೆ, ಮರಳಿ ಬಂದರೆ ಪುಣ್ಯ ಎಂದರು ಡಾಕ್ಟರು. ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತಂಗಿ ಅನ್ನಬಹುದಿತ್ತು, ಅನ್ನಲಿಲ್ಲ. ಅಣ್ಣನ ಪಕ್ಕ ಕೂತು ಅತ್ತಳು.

ನಾಲ್ಕು ತಿಂಗಳ ಮೇಲೆ ಅಂಗಡಿ ತೆರೆಯಿತು. ಈಗ ಮಾಮ ಊದುವುದಿಲ್ಲ. ಅವರವರ ಮೌತ್‌ಪೀಸ್ ಅವರೇ ತಂದು ಊದಬೇಕು, ಅವನು ಬಲಗಿವಿ ಕೊಟ್ಟು ಕೇಳುತ್ತಾನೆ. ಮಾತಿನ ಕಿವಿಗೆ ಸ್ವರ ಕಲಿಸುವುದು ನಿಧಾನದ ಕೆಲಸ. ಮೊದಲ ದಿನ ಶಾಲೆಯ ಏಳೂ ಮಕ್ಕಳು ಬಂದು ಬಾಗಿಲ ಹೊರಗೆ ಸಾಲಾಗಿ ನಿಂತರು. ಮುಂದಿದ್ದ ಹುಡುಗಿ ಟ್ರಂಪೆಟ್ ಎತ್ತಿದವಳು ಮತ್ತೆ ಇಳಿಸಿ, ಆ ಕಿವಿ ಪೂರ್ತಿ ಹೋಯಿತೇ ಎಂದು ಮೆಲ್ಲಗೆ ಕೇಳಿದಳು.

ಮಾಮ ಬಾಗಿಲಾಚೆಗಿನ ಸಾಲನ್ನು ಕೊನೆಯವರೆಗೂ ನೋಡಿದ.

"ನಂದೊಂದು ಹೋಯ್ತು ಕಣಮ್ಮ. ನಿಮ್ಮ ಹದಿನಾಲ್ಕೂ ಉಳಿದಾವಲ್ಲ. ಊದು, ಕೇಳೋಣ."