ದೊಡ್ಡ ಮಾನಿಟರಿನ ಮಾವ

ಮೊನ್ನೆ ಅಟ್ಟದಿಂದ ಹಳೇ ರಟ್ಟಿನ ಪೆಟ್ಟಿಗೆ ಇಳಿಸಿದಾಗ ಫ್ಲಾಪಿಗಳ ಅಡಿಯಲ್ಲಿ ಒಂದು ಕೇಬಲ್ ಸಿಕ್ಕಿತು. ಒಂದು ತುದಿಯಲ್ಲಿ ಸಾಲು ಸೂಜಿಗಳ ನೀಲಿ ಪ್ಲಗ್ಗು. ಇನ್ನೊಂದು ತುದಿಯಲ್ಲಿ ಅದೇ ಕೇಬಲ್ ಕೆಂಪು, ಹಸಿರು, ನೀಲಿ, ಕಪ್ಪು, ಬಿಳಿ ಎಂದು ಐದು ಕವಲಾಗಿತ್ತು. ಪ್ರತಿ ಕವಲಿಗೂ ತಿರುಚಿ ಕೂರಿಸುವ ದುಂಡನೆಯ ಲೋಹದ ತಲೆ. ಇದೇನಮ್ಮಾ ಎಂದು ಮಗಳು ಕೇಳಿದಳು. ಹೊಸ ಕಂಪ್ಯೂಟರಿಗೆ ಹಳೇ ಮಾನಿಟರ್ ಜೋಡಿಸುವುದು ಎಂದೆ. ಅಷ್ಟು ಹೇಳುವುದರೊಳಗೆ ಎದುರುಮನೆ ಮಾವ ಬಂದು ಕಣ್ಣ ಮುಂದೆ ಕೂತುಬಿಟ್ಟರು...

ಮಾವ ಎಂದರೆ ರಕ್ತಸಂಬಂಧವೇನಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅವರು ರೇಷ್ಮೆ ಸೀರೆಗಳಿಗೆ ಅಂಚು, ಸೆರಗು ಬರೆಯುತ್ತಿದ್ದರು. ಅವರು ಬರೆದದ್ದನ್ನು ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಮಗ್ಗದಲ್ಲಿ ನೇಯುತ್ತಿದ್ದರು. ಅಕ್ಕಪಕ್ಕದ ಮಗ್ಗಗಳೂ ಅವರ ನಕ್ಷೆಯನ್ನೇ ನಂಬಿಕೊಂಡಿದ್ದವು. ಮೊದಲೆಲ್ಲ ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದರಂತೆ. ಆಮೇಲೆ ಬೆಂಗಳೂರಿನ ಸೀರೆ ವ್ಯಾಪಾರಿಯೊಬ್ಬರು ತಾವು ಬಳಸಿ ಬಿಟ್ಟ ಕಂಪ್ಯೂಟರ್ ಕೊಟ್ಟರು. ಅದರ ಮಾನಿಟರ್ ಎಷ್ಟು ದೊಡ್ಡದೆಂದರೆ, ಇಬ್ಬರು ಹೊತ್ತು ತಂದಾಗ ಬೀದಿಯವರು ಟಿವಿ ಬಂತೆಂದು ಬಾಗಿಲಲ್ಲಿ ಇಣುಕಿದ್ದರು. ಹಂಸ, ಗಂಡಭೇರುಂಡ, ಮಾವಿನಕಾಯಿ ಎಲ್ಲವೂ ಆ ಗಾಜಿನ ಮೇಲೆ ಮಾವನ ಕೈಯಲ್ಲಿ ಸಲೀಸಾಗಿ ಮೂಡುತ್ತಿದ್ದವು.

ನಾನಾಗ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಒಂದು ಮುಂಗಾರು ಸಿಡಿಲಿಗೆ ಮಾವನ ಹಳೇ ಕಂಪ್ಯೂಟರ್ ಸುಟ್ಟುಹೋಯಿತು. ಮಾನಿಟರ್ ಮಾತ್ರ ಉಳಿಯಿತು. ವ್ಯಾಪಾರಿ ಹೊಸ ಕಂಪ್ಯೂಟರ್ ಕಳಿಸಿದರು, ಜೊತೆಗೆ ಸಣ್ಣ ಮಾನಿಟರ್. ಮದುವೆ ಕಾಲಕ್ಕೆ ಹೊಸ ಹಂಸದ ಅಂಚು ಬೇಕು, ಇಲ್ಲದಿದ್ದರೆ ಬೆಂಗಳೂರಿನಲ್ಲೇ ಬರೆಸಿ ಅಲ್ಲಿಯ ಮಗ್ಗಗಳಿಗೇ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದರು.

ಮಾವ ಆ ಸಣ್ಣ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿರುತ್ತಿದ್ದರು. ನಕ್ಷೆಯ ಚೌಕಗಳು ಅವರಿಗೆ ಇರುವೆಯ ಸಾಲಿನಂತೆ ಕಾಣುತ್ತಿದ್ದವು. ಹಿಗ್ಗಿಸಿಕೊಂಡರೆ ಹಂಸದ ಕೊಕ್ಕು ಸಿಕ್ಕುತ್ತಿತ್ತು, ಬಾಲ ಸಿಕ್ಕುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, "ಇದ್ರಲ್ಲಿ ಆಗಕಿಲ್ಲ ಮಗಾ. ಆ ದೊಡ್ಡದ್ನೇ ಇದುಕ್ಕೆ ಅಂಟಿಸ್ಕೊಡು" ಎಂದರು. ಹಿಂದೆ ತಿರುಗಿಸಿ ನೋಡಿದೆ. ಹಳೇ ಮಾನಿಟರಿಗೆ ಐದು ದುಂಡು ಬಾಯಿ. ಹೊಸ ಕಂಪ್ಯೂಟರಿಗೆ ಒಂದೇ ಚಪ್ಪಟೆ ಬಾಯಿ. ಒಂದಕ್ಕೊಂದು ಕೂರುವ ಮಾತೇ ಇರಲಿಲ್ಲ.

ನಡುವೆ ಜೋಡಿಸುವ ಕೇಬಲ್ಲಿಗಾಗಿ ಹುಡುಕಿದೆವು. ಕೊಳ್ಳೇಗಾಲದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೈಸೂರಿನ ಅಂಗಡಿಯವರು, ಆ ಮಾನಿಟರನ್ನು ಗುಜರಿಗೆ ಹಾಕಿ ಎಂದರು. ಯಳಂದೂರಿನಲ್ಲಿ ಪ್ರೆಸ್ ಇಟ್ಟಿದ್ದ ನನ್ನ ಪರಿಚಯದವರೊಬ್ಬರ ಬಳಿ ಹಳೇ ಸಾಮಾನು ಇರುತ್ತದೆಂದು ಮಾವನೂ ನಾನೂ ಅಲ್ಲಿಗೂ ಹೋದೆವು. ಅವರಲ್ಲೂ ಇರಲಿಲ್ಲ. ಬೆಂಗಳೂರಿಗೆ ಹೋದಾಗ ವಿಚಾರಿಸಿ ತರುತ್ತೇನೆಂದರು.

ವಾಪಸು ಬರಲು ಯಳಂದೂರು ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಒಂದು ಬಸ್ಸು ಬಂದು ಎದುರಿಗೇ ನಿಂತಿತು. ಕೊಳ್ಳೇಗಾಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಾವ ಅದನ್ನೇ ನೋಡುತ್ತಾ, ಯಾವೂರಿನ ಬಸ್ಸು ಎಂದು ನನ್ನನ್ನು ಕೇಳಿದರು. ನಾನು ಅವರ ಮುಖ ನೋಡಿದೆ. ಅವರಿಗೂ ತಿಳಿಯಿತು, ನನಗೆ ತಿಳಿಯಿತೆಂದು.

"ನಿಮ್ಮತ್ತೆಗೆ ಹೇಳ್ಬೇಡ ಕಣವ್ವ" ಎಂದರು. "ವ್ಯಾಪಾರಿ ಕಿವಿಗ್ ಬಿದ್ರೆ ಬೀದೀಲಿ ಒಂದ್ ಮಗ್ಗವೂ ಆಡಕಿಲ್ಲ."

ಅದೇ ಬಸ್ಸು ಹತ್ತಿದೆವು.

ಕೆಲವು ದಿನಗಳ ನಂತರ ಕೇಬಲ್ ಬಂತು. ಐದು ತಲೆಗಳನ್ನೂ ತಿರುಚಿ ಕೂರಿಸಿ ಹಚ್ಚಿದರೆ ಚಿತ್ರ ಹರಿದ ಬಟ್ಟೆಯಂತೆ ಮೇಲಿಂದ ಕೆಳಕ್ಕೆ ಉರುಳತೊಡಗಿತು. ಚಿತ್ರ ಮೂಡಿಸಲು ಆ ಹಳೇ ಮಾನಿಟರಿಗೆ ಒಂದೇ ಒಂದು ವೇಗ ಗೊತ್ತಿತ್ತು. ಸಣ್ಣ ಮಾನಿಟರ್ ಹಾಕಿಕೊಂಡು ಕಂಪ್ಯೂಟರನ್ನು ಆ ವೇಗಕ್ಕೆ ಒಗ್ಗಿಸಿ, ಮತ್ತೆ ದೊಡ್ಡದಕ್ಕೆ ಕೇಬಲ್ ಬದಲಿಸಿದೆ. ಚಿತ್ರ ನಿಂತಿತು. ಮಾವ ಬೆರಳಿನಿಂದ ಹಂಸದ ಕುತ್ತಿಗೆ ಸವರಿದರು. ಕಂಪ್ಯೂಟರ್ ಶುರುವಾಗುವಾಗಿನ ಅಕ್ಷರಗಳನ್ನು ಈ ಮಾನಿಟರ್ ತೋರಿಸುವುದಿಲ್ಲ, ಚಿತ್ರ ಬರುವ ತನಕ ಕಪ್ಪಗೇ ಇರುತ್ತದೆ, ಸ್ವಲ್ಪ ಕಾಯಬೇಕು ಎಂದು ಹೇಳಿದೆ. ಕಾಯ್ತೀನಿ ಬುಡು ಎಂದರು.

ಆಮೇಲೆ ಅಕ್ಕನ ಬಾಣಂತನಕ್ಕೆಂದು ನಾನು ಧನಗೆರೆಗೆ ಹೋದೆ. ವಾಪಸು ಬಂದ ಬೆಳಿಗ್ಗೆಯೇ ಅತ್ತೆ ಬಂದರು. ಮಾವ ಸರಿಯಾಗಿ ಉಣ್ಣುತ್ತಿಲ್ಲ, ಯಾರೊಡನೆಯೂ ಮಾತಿಲ್ಲ, ಬೆಳಗಾದರೆ ಆ ಡಬ್ಬಿಯ ಮುಂದೆ ಕೂರುತ್ತಾರೆ, ಕೇಳಿದರೆ ರೇಗುತ್ತಾರೆ ಎಂದರು. ಮಗ್ಗಕ್ಕೆ ನಕ್ಷೆ ಬಂದಿರಲಿಲ್ಲ. ವ್ಯಾಪಾರಿಯ ಆಳು ಎರಡು ಸಲ ಬಂದು ಹೋಗಿದ್ದ.

ಒಳಗೆ ಹೋದೆ. ಮಾವ ಮೌಸಿನ ಮೇಲೆ ಕೈಯಿಟ್ಟು ಕೂತಿದ್ದರು. ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು, ಮಾನಿಟರಿನ ಹಸಿರು ದೀಪ ಉರಿಯುತ್ತಿತ್ತು. ಗಾಜು ಮಾತ್ರ ಕಪ್ಪಗಿತ್ತು.

ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು, "ಮಗಾ, ಹಂಸ ಅದಾ ಅಲ್ಲಿ?" ಎಂದರು.

"ಇಲ್ಲ ಮಾವ. ಬರೀ ಕಪ್ಪಗದ. ಏನೂ ಕಾಣ್ತಿಲ್ಲ."

ಅವರು ನನ್ನ ಮುಂಗೈ ಹಿಡಿದರು. "ನಿಂಗೂ ಕಾಣಕಿಲ್ವಾ?"

ಕರೆಂಟು ಹೋಗಿ ಬಂದ ಮೇಲೆ ಚಿತ್ರ ಬಂದಿರಲಿಲ್ಲವಂತೆ. ದೀಪ ಉರಿಯುತ್ತಿದೆ, ಯಂತ್ರ ಓಡುತ್ತಿದೆ. ಹಾಗಾದರೆ ಚಿತ್ರವೂ ಇರಲೇಬೇಕು, ಇಲ್ಲವಾದದ್ದು ತಮ್ಮ ಕಣ್ಣೇ ಎಂದು ನಂಬಿಬಿಟ್ಟಿದ್ದರು. ಮಗ್ಗದ ಮುಂದೆ ಕೂತ ಹೆಂಡತಿಯನ್ನು ಕರೆದು ಇಲ್ಲೇನಾದರೂ ಕಾಣುತ್ತದೆಯೇ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಕೇಳದೆ ದಿನಗಟ್ಟಲೆ ಆ ಕಪ್ಪಿನೆದುರು ಒಬ್ಬರೇ ಕೂತಿದ್ದರು...

ಸಣ್ಣ ಮಾನಿಟರ್ ಹಾಕಿ ನೋಡಿದೆ. ತಟ್ಟನೆ ಕರೆಂಟು ಹೋದದ್ದಕ್ಕೆ ಕಂಪ್ಯೂಟರ್, ಮುಂದುವರಿಯಲೋ ಬೇಡವೋ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿತ್ತು. ಆ ಪ್ರಶ್ನೆಯನ್ನು ತೋರಿಸುವ ಶಕ್ತಿ ದೊಡ್ಡ ಮಾನಿಟರಿಗೆ ಇರಲಿಲ್ಲ. ಒಂದು ಗುಂಡಿ ಒತ್ತಿ, ಕೇಬಲ್ ಬದಲಿಸಿದೆ. ಹಂಸ ಬಂತು. ಆದರೆ ಆ ಹೊತ್ತಿಗೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಯಾವಾಗ್ಲಿಂದ?" ಎಂದಷ್ಟೇ ಕೇಳಿದರು.

"ಹಸ್ರು, ನೀಲಿ ಎಲ್ಡೂ ಒಂದೇ ಆಗಿ ವರ್ಸಾಯ್ತು ಕಣಮ್ಮಿ."

ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಬಂದು ಪಕ್ಕದಲ್ಲಿ ಕೂತರು.

ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿತ್ತು. ಉಳಿದದ್ದನ್ನು ಕೆಲ ಕಾಲ ಕಾಪಾಡಬಹುದು, ಅಷ್ಟೇ ಎಂದರಂತೆ ಡಾಕ್ಟರು. ಬಂದವರೇ ಮಾವ ಹಂಸದ ಅಂಚು ಹಿಡಿದರು. ಅತ್ತೆ ಮಗ್ಗ ಬಿಟ್ಟು ಪಕ್ಕದಲ್ಲಿ ಕೂತು ಬಣ್ಣಗಳ ಹೆಸರು ಹೇಳುತ್ತಿದ್ದರು, ಮಾವ ತುಂಬುತ್ತಿದ್ದರು. ಅಂಚು ಮುಗಿಯಿತು. ವ್ಯಾಪಾರಿ ಒಪ್ಪಿದರು. ಆ ಮದುವೆ ಕಾಲ ಪೂರ್ತಿ ಬೀದಿಯ ಮಗ್ಗಗಳೆಲ್ಲ ಆ ಹಂಸವನ್ನೇ ನೇಯ್ದವು. ಮುಂದಿನ ಮಳೆಗಾಲದ ಹೊತ್ತಿಗೆ ಮಾವನಿಗೆ ಹಗಲು ಯಾವುದು, ಇರುಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಆಮೇಲಾಮೇಲೆ ಅದೂ ಇಲ್ಲ. ಅತ್ತೆ ನೇಯ್ದ ಸೀರೆಗಳ ಅಂಚನ್ನು ಉಗುರಿನಿಂದ ಸವರಿ, ಇಲ್ಲೊಂದು ಎಳೆ ತಪ್ಪಿದೆ ಎನ್ನುತ್ತಿದ್ದರು. ಎಷ್ಟೋ ಸಲ ತಪ್ಪಿರುತ್ತಿರಲಿಲ್ಲ. ಅತ್ತೆ ಹೌದು ಎನ್ನುತ್ತಿದ್ದರು.

ಮಾವ ಹೋಗಿ ಬಹಳ ವರ್ಷಗಳಾದವು. ಅತ್ತೆ ಹನೂರಿನಲ್ಲಿ ಮಗಳ ಜೊತೆಗಿದ್ದಾರೆ. ನಾನು ಹೋದರೆ ಕಾಫಿ ಕೊಟ್ಟು ಬೇರೆಯದೇ ಮಾತು ತೆಗೆಯುತ್ತಾರೆ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರು. ಬೆಳಗಾಗುವ ಮುಂಚೆಯೇ ಸದ್ದು ಮಾಡುತ್ತಿದ್ದ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಕೆಲವು ಬೆಳಿಗ್ಗೆ ನನಗೆ ಹೊತ್ತಿಗೆ ಮುಂಚೆ ಎಚ್ಚರವಾಗುತ್ತದೆ. ಯಾವ ಸದ್ದಿಗೆ ಎಚ್ಚರವಾಯಿತೆಂದು ಕಿವಿಗೊಟ್ಟು ಮಲಗಿರುತ್ತೇನೆ. ಯಾವ ಸದ್ದೂ ಇರುವುದಿಲ್ಲ...